ಮದುವೆಯ ಚಪ್ಪರವೂ ಸಂಸಾರದ ಕೋಣೆಯೂ

ತುಳಸಿಪೂಜೆ ಕಳೆಯಿತೆಂದರೆ ನಮ್ಮವರಲ್ಲಿ ಲಗ್ನಪತ್ರಿಕೆಗಳ ಸುಗ್ಗಿ ಆರಂಭವಾಗುತ್ತದೆ. ಧನುರ್ಮಾಸದಲ್ಲಿ ಕೊಂಚ ಬಿಡುವು ಕೊಟ್ಟು, ಮಕರ ಸಂಕ್ರಮಣ ದಾಟಿದ ಮೇಲೆ ಮತ್ತೆ ಮೊದಲಾಗಿ, ಏಪ್ರಿಲ್-ಮೇ ತಿಂಗಳುಗಳಲ್ಲಿ ಅದು ಭರತಕ್ಕೆ ಬರುತ್ತದೆ. ಮುಂಬಯಿ, ಪುಣೆಗಳ ಹೋಟೆಲುಗಳಲ್ಲಿ ದುಡಿಯುವ ನಮ್ಮ ತರುಣರೂ ಕಚೇರಿಗಳಲ್ಲಿ ಕಡತ ನೋಡುವ ಗುಮಾಸ್ತ ಬಂಧುಗಳೂ ರಜೆ ಬರೆದುಕೊಟ್ಟು ಊರಿನ ಬಸ್ಸು ರೈಲುಗಳನ್ನು ಹಿಡಿಯುವ ಕಾಲವದು. ಮಂಗಳಕಾರ್ಯಗಳ ಈ ಋತುವಿನಲ್ಲಿ ಅಮಂಗಳದ ಮಾತನ್ನಾಡುವುದು ನಮ್ಮ ಉದ್ದೇಶವಲ್ಲ. ಆದರೆ ಮದುವೆ ಮುಗಿಸಿಕೊಂಡು ಹಿಂದಿರುಗುವ ವರನ ಮುಖದಲ್ಲಿ ಸಂತೋಷಕ್ಕಿಂತ ಸಾಲದ ಚಿಂತೆಯೇ ಹೆಚ್ಚಾಗಿ ಕಾಣುವುದನ್ನು ವರ್ಷ ವರ್ಷವೂ ನೋಡಿಯೂ ನಾವು ಸುಮ್ಮನಿದ್ದರೆ ಪತ್ರಿಕೆಯ ಕರ್ತವ್ಯಕ್ಕೆ ಚ್ಯುತಿ ಬಂದಂತಾದೀತು.

ಲೇಖನಿಯನ್ನು ಹಿಡಿಯುವ ಮುನ್ನ ನಾವು ಬಹುಕಾಲ ಹೋಟೆಲಿನ ಗಲ್ಲೆಯಲ್ಲಿ ಕುಳಿತವರು. ನಮ್ಮ ವಿದ್ಯೆ ಎಸ್.ಎಸ್.ಎಲ್.ಸಿ.ಗೆ ನಿಂತಿತು, ಅರ್ಥಶಾಸ್ತ್ರದ ಗ್ರಂಥಗಳನ್ನು ನಾವು ಓದಿದವರಲ್ಲ. ಆದರೆ ನೂರು ಎಲೆಗೆ ಎಷ್ಟು ಅಕ್ಕಿ ಬೇಕು, ನೂರು ರೂಪಾಯಿಗೆ ಎಷ್ಟು ಬಡ್ಡಿ ಬೀಳುತ್ತದೆ ಎಂಬ ಎರಡು ಲೆಕ್ಕಗಳನ್ನು ಗಲ್ಲೆಯೇ ನಮಗೆ ಕಲಿಸಿದೆ. ಮದುವೆಗೆಂದು ಮುಂಗಡ ಕೇಳಿ ಬಂದ ಹುಡುಗರು ಎಷ್ಟೋ ಮಂದಿ ನಮ್ಮೆದುರು ನಿಂತಿದ್ದಾರೆ. ಮೂರು ವರ್ಷ ಕಳೆದರೂ ಆ ಮುಂಗಡ ತೀರದೆ, ಊರಿಗೆ ಹೋಗಲು ರಜೆ ಕೇಳುವ ಧೈರ್ಯವೂ ಇಲ್ಲದೆ ತಲೆ ತಗ್ಗಿಸಿ ನಿಂತವರನ್ನೂ ನಾವು ಕಂಡಿದ್ದೇವೆ. ಆದುದರಿಂದ ಈ ವಿಷಯದಲ್ಲಿ ಎರಡು ಮಾತು ಹೇಳುವ ಅಧಿಕಾರ ನಮಗೆ ಸ್ವಲ್ಪಮಟ್ಟಿಗೆ ಇದೆಯೆಂದು ಭಾವಿಸುತ್ತೇವೆ.

ಮದುವೆಯ ದುಂದುಗಾರಿಕೆ ಎಲ್ಲ ಕಡೆಯೂ ಇದೆ. ಆದರೆ ಪರಊರಿನಲ್ಲಿ ದುಡಿಯುವವನ ಕಷ್ಟ ಬೇರೊಂದು ಬಗೆಯದು. ಊರಿನವರ ದೃಷ್ಟಿಯಲ್ಲಿ ಅವನು ‘ಬೊಂಬಾಯಿಯವನು’. ಬೊಂಬಾಯಿಯವನೆಂದರೆ ಹಣವಂತನೆಂದೇ ಅರ್ಥ. ಅವನು ಅಲ್ಲಿ ಲೋಟ ತೊಳೆಯುತ್ತಾನೋ, ಮೇಜು ಒರೆಸುತ್ತಾನೋ, ಬೆಳಗ್ಗೆ ನಾಲ್ಕು ಗಂಟೆಗೆದ್ದು ಇಡ್ಲಿಯ ಅಟ್ಟ ಏರಿಸುತ್ತಾನೋ ಊರಿಗೆ ತಿಳಿಯದು. ತಿಳಿಸುವುದಕ್ಕೆ ಅವನಿಗೂ ಸಂಕೋಚ. ಹಬ್ಬಕ್ಕೆ ಹೋದಾಗ ಹೊಸ ಅಂಗಿ ತೊಟ್ಟು, ಎಲ್ಲರ ಕೈಗೂ ಇಷ್ಟಿಷ್ಟು ಕೊಟ್ಟು ಬಂದಿರುತ್ತಾನೆ. ಇಷ್ಟು ವರ್ಷ ತೋರಿಸಿಕೊಂಡು ಬಂದ ಆ ಸಿರಿವಂತಿಕೆಗೆ ಮದುವೆಯ ದಿನ ಪರೀಕ್ಷೆ ಒದಗುತ್ತದೆ. ಸಭಾಭವನ ದೊಡ್ಡದಾಗಬೇಕು, ಊಟಕ್ಕೆ ಊರಿಗೆ ಊರೇ ಬರಬೇಕು, ಹಿಂದಿನ ರಾತ್ರಿ ಮೆಹಂದಿಯ ಸಂಭ್ರಮ, ಅದಕ್ಕೊಂದು ಡಿ.ಜೆ., ಮರುದಿನ ಆಕಾಶದಿಂದ ಚಿತ್ರ ತೆಗೆಯುವ ಡ್ರೋನು, ವಾರದ ಮೇಲೆ ಬೀಗರೂಟ. ಇದಾವುದೂ ಅವನ ಸಂಬಳದ ಅಳತೆಗೆ ಹೊಲಿದ ಅಂಗಿಯಲ್ಲ. ಊರಿನವರ ಕಲ್ಪನೆಯಲ್ಲಿರುವ ಬೊಂಬಾಯಿಯವನ ಅಳತೆಗೆ ಹೊಲಿದದ್ದು. ಅದನ್ನು ತೊಡುವುದಕ್ಕಾಗಿ ನಮ್ಮ ಹುಡುಗ ಸಾಲಗಾರನಾಗುತ್ತಾನೆ.

ಆ ಸಾಲದ ಸ್ವರೂಪವನ್ನು ಕಾಗದದ ಮೇಲೆ ಬರೆದು ನೋಡೋಣ. ತಿಂಗಳಿಗೆ 20,000 ರೂಪಾಯಿ ಸಂಬಳದ ಕೆಲಸಗಾರನೊಬ್ಬ ಮದುವೆಗೆಂದು 4,00,000 ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ತಂದನೆಂದು ಇಟ್ಟುಕೊಳ್ಳಿ. ಕೈಸಾಲ ಕೊಡುವವರಲ್ಲಿ ಇದೇನೂ ದುಬಾರಿ ಬಡ್ಡಿಯಲ್ಲ. ತಿಂಗಳಿಗೆ ಬಡ್ಡಿಯೇ 8,000 ರೂಪಾಯಿ. ಅವನು ತಪ್ಪದೆ 8,000 ರೂಪಾಯಿ ಕಟ್ಟುತ್ತ ಹೋದರೆ ಹತ್ತು ವರ್ಷದ ಮೇಲೂ ಅಸಲು ಒಂದು ಕಾಸೂ ಕಡಿಮೆಯಾಗಿರುವುದಿಲ್ಲ. ಹೊಟ್ಟೆ ಬಟ್ಟೆ ಕಟ್ಟಿ 12,000 ರೂಪಾಯಿ ಕಟ್ಟಿದನೆಂದರೆ ಸಾಲ ತೀರುವುದಕ್ಕೆ 56 ತಿಂಗಳು ಬೇಕು. ಅಂದರೆ ನಾಲ್ಕೂಮುಕ್ಕಾಲು ವರ್ಷಕ್ಕೆ ಕೊಂಚವೇ ಕಡಿಮೆ. ಅಷ್ಟರಲ್ಲಿ ಅವನ ಕೈಯಿಂದ 6,60,000 ರೂಪಾಯಿಗೂ ಹೆಚ್ಚು ಹೋಗಿರುತ್ತದೆ. ಉಳಿದ 8,000 ರೂಪಾಯಿಯಲ್ಲಿ ಊರಿನ ತಂದೆತಾಯಿ, ಹೊಸದಾಗಿ ಬಂದ ಹೆಂಡತಿ, ಹುಟ್ಟುವ ಮಗು ಇವರೆಲ್ಲರ ನಿರ್ವಾಹವಾಗಬೇಕು.

ಇದಕ್ಕಿಂತಲೂ ದುಃಖದ ಸಂಗತಿ ಇನ್ನೊಂದಿದೆ. ಶ್ರೀಮಂತರ ಮನೆಯಲ್ಲಿ ಮದುವೆಯ ಹಣ ಬೇರೆ, ಸಂಸಾರದ ಹಣ ಬೇರೆ ಇದ್ದೀತು. ನಮ್ಮಲ್ಲಿ ಇರುವುದು ಒಂದೇ ಗಂಟು. ಚಪ್ಪರಕ್ಕೆ ಹೋದದ್ದು ಕೋಣೆಗೆ ಉಳಿಯುವುದಿಲ್ಲ. ಹೋಟೆಲಿನ ಹುಡುಗನಿಗೆ ಮಾಲೀಕನ ಕಡೆಯಿಂದ ಊಟವೂ ಮಲಗಲು ಮಾಳಿಗೆಯೂ ಉಂಟು. ಆದರೆ ಹೆಂಡತಿಯನ್ನು ಆ ಮಾಳಿಗೆಗೆ ಕರೆತರಲಾಗದು. ನಾಲಾಸೊಪಾರಾದಲ್ಲೋ ಡೊಂಬಿವಲಿಯಲ್ಲೋ ಒಂದು ಸಣ್ಣ ಕೋಣೆ ಹಿಡಿಯಬೇಕಾದರೆ ಡಿಪಾಜಿಟ್ಟು ಬೇಕು, ತಿಂಗಳ ಬಾಡಿಗೆ ಬೇಕು, ಒಲೆ ಪಾತ್ರೆಗಳು ಬೇಕು. ಆ ಹಣ ಊಟದ ಎಲೆಯೊಡನೆ ಮಡಿಸಿ ಹೋಗಿದೆ. ಆದುದರಿಂದ ಮದುವೆಯಾದ ಹದಿನೈದನೆಯ ದಿನ ವರಮಹಾಶಯ ಒಬ್ಬನೇ ರೈಲು ಹತ್ತಿ ಬರುತ್ತಾನೆ. ವಧು ಅತ್ತೆಯ ಮನೆಯಲ್ಲಿ ಉಳಿಯುತ್ತಾಳೆ. ವರ್ಷಕ್ಕೊಮ್ಮೆ ಹದಿನೈದು ದಿನ ಅವರ ದಾಂಪತ್ಯ. ಮಗು ಮಾತು ಕಲಿತ ಮೇಲೆ ಮೊಬೈಲಿನ ಪರದೆಯಲ್ಲಿ ಕಾಣುವ ಮುಖವನ್ನು ಅಪ್ಪನೆಂದು ಗುರುತಿಸುತ್ತದೆ. ಅಪ್ಪ ನಿಜವಾಗಿ ಬಾಗಿಲಿಗೆ ಬಂದರೆ ಅಜ್ಜಿಯ ಸೆರಗಿನ ಹಿಂದೆ ಅವಿತುಕೊಳ್ಳುತ್ತದೆ. ಗಂಡಹೆಂಡಿರು ಒಟ್ಟಿಗೆ ಬಾಳುವುದಕ್ಕಾಗಿ ಮದುವೆಯೇ ಹೊರತು, ಮದುವೆಗಾಗಿ ಅವರು ಅಗಲಿರಬೇಕೆಂದರೆ ಇದು ಎಲ್ಲಿಯ ನ್ಯಾಯ?

ಖರ್ಚು ಎಲ್ಲಿಂದ ಬೆಳೆಯುತ್ತದೆಂಬುದನ್ನು ಅಡಿಗೆಯ ಕಸುಬಿನವರು ಬಲ್ಲರು. ಅದು ಬೆಳೆಯುವುದು ಎಲೆಯಿಂದ. ನಮ್ಮ ಕಡೆಯ ಸಾದಾ ಮದುವೆಯೂಟದ ನೂರು ಎಲೆಗೆ ಸುಮಾರು 12 ಕಿಲೋ ಅಕ್ಕಿ, 4 ಕಿಲೋ ತೊಗರಿಬೇಳೆ, 25 ಕಿಲೋ ತರಕಾರಿ, 30 ತೆಂಗಿನಕಾಯಿ ಎಂಬುದು ಅಂದಾಜು. ಇಷ್ಟರಲ್ಲಿ ಸಾರು, ಕೊದ್ದೆಲು, ಎರಡು ಪಲ್ಯಗಳಾಗುತ್ತವೆ. ಒಂದು ಪಾಯಸ ಕೂಡಿದರೆ ಯಾರೂ ಹೆಸರಿಡದಂತಹ ಊಟ. ಇದು ಯಾರನ್ನೂ ಸಾಲಕ್ಕೆ ತಳ್ಳುವಂಥದಲ್ಲ. ತಳ್ಳುವುದು ಎಲೆಗಳ ಸಂಖ್ಯೆ ಮತ್ತು ಎಲೆಯ ಮೇಲಿನ ಬಗೆಗಳ ಸಂಖ್ಯೆ. ಎಲೆ ಹೆಚ್ಚಿದಂತೆ ಸಭಾಭವನ ದೊಡ್ಡದಾಗಬೇಕು, ಕುರ್ಚಿ ಹೆಚ್ಚಬೇಕು, ಬಡಿಸುವವರು ಹೆಚ್ಚಬೇಕು, ಲಗ್ನಪತ್ರಿಕೆ ಹೆಚ್ಚಬೇಕು. ಎಲೆಯೊಂದಕ್ಕೆ 250 ರೂಪಾಯಿ ಎಂದೇ ಹಿಡಿಯೋಣ. 600 ಎಲೆಗೆ 1,50,000 ರೂಪಾಯಿ; 150 ಎಲೆಗೆ 37,500 ರೂಪಾಯಿ. ಬರಿಯ ಊಟದಲ್ಲಿಯೇ 1,12,500 ರೂಪಾಯಿ ಉಳಿಯಿತು. ನಾವು ಹೇಳಿದ ಕೋಣೆಯ ಬಾಗಿಲು ತೆರೆಯುವ ಬೀಗದ ಕೈ ಈ ಮೊತ್ತದೊಳಗೇ ಇದೆ.

ಎಂಜಲೆಲೆ ಎತ್ತಿ ಅಭ್ಯಾಸವಿದ್ದವರಿಗೆ ಇನ್ನೊಂದು ವಿಷಯವೂ ಗೊತ್ತು. ಹದಿನೆಂಟು ಬಗೆ ಬಡಿಸಿದ ಎಲೆಯಲ್ಲಿ ಅರ್ಧ ಹಾಗೆಯೇ ತಿಪ್ಪೆಗೆ ಹೋಗುತ್ತದೆ. ಮೂರನೆಯ ಸಿಹಿಯನ್ನು ಕೈಯಲ್ಲಿ ಮುಟ್ಟಿಯೂ ನೋಡದವರೇ ಹೆಚ್ಚು. ಅನ್ನದ ಬೆಲೆ ತಿಳಿದ ನಮ್ಮವರೇ ತಮ್ಮ ಮದುವೆಯಲ್ಲಿ ಅನ್ನವನ್ನು ಹೀಗೆ ಚೆಲ್ಲುವುದನ್ನು ಕಂಡಾಗ ನಮಗೆ ಸಂಕಟವಾಗುತ್ತದೆ.

ಇಷ್ಟು ಹೇಳಿದೊಡನೆ ಬರುವ ಪ್ರಶ್ನೆ ಒಂದೇ: “ಜನ ಏನೆಂದಾರು?” ಈ ಪ್ರಶ್ನೆಗೆ ಕಾಲವೇ ಒಮ್ಮೆ ಉತ್ತರ ಕೊಟ್ಟಿದೆ. 2020ರಲ್ಲಿ ಕೋವಿಡ್ ವ್ಯಾಧಿಯ ಕಾಲಕ್ಕೆ ಮದುವೆಗೆ ಐವತ್ತು ಮಂದಿಗಿಂತ ಹೆಚ್ಚು ಅತಿಥಿಗಳು ಸೇರಕೂಡದೆಂದು ಕೇಂದ್ರ ಸರಕಾರ ವಿಧಿಸಿತ್ತು. ಆ ವರ್ಷ ನಮ್ಮವರಲ್ಲಿ ಮದುವೆಗಳು ನಿಂತವೇ? ಮನೆಯ ಅಂಗಳದಲ್ಲಿ, ದೇವಸ್ಥಾನದ ಜಗಲಿಯಲ್ಲಿ, ನಾಲ್ಕು ಮಂದಿ ಹಿರಿಯರ ಎದುರಿಗೆ ಎಷ್ಟೋ ಮದುವೆಗಳು ನಡೆದವು. ಆ ದಂಪತಿಗಳು ಈಗ ಮಕ್ಕಳನ್ನು ಶಾಲೆಗೆ ಕಳುಹಿಸುತ್ತಿದ್ದಾರೆ. ನಿಮ್ಮ ಮದುವೆಗೆ ಎಷ್ಟು ಎಲೆ ಬಿದ್ದಿತ್ತೆಂದು ಯಾರಾದರೂ ಅವರನ್ನು ಕೇಳುತ್ತಾರೆಯೇ? ಕೇಳಿದರೂ ಅದರಿಂದ ಅವರ ಸಂಸಾರಕ್ಕೆ ಕೂದಲೆಳೆಯಷ್ಟು ಊನ ಬಂದಿದೆಯೇ? ಅಂದು ಸರಕಾರದ ಆಜ್ಞೆಯಿಂದ ಸಾಧ್ಯವಾದದ್ದು ಇಂದು ನಮ್ಮ ವಿವೇಕದಿಂದ ಏಕೆ ಸಾಧ್ಯವಾಗಬಾರದು?

ಸರಳ ವಿವಾಹವೆಂದರೆ ಬಡವರ ವಿವಾಹವೆಂದು ತಿಳಿಯುವವರೂ ಇದ್ದಾರೆ. ಅಂಥವರು ಮೈಸೂರಿನತ್ತ ದೃಷ್ಟಿ ಹಾಯಿಸಲಿ. ಕುವೆಂಪು ಅವರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ನಿವೃತ್ತರಾದವರು. ನಾಡಿಗೆ ನಾಡೇ ತಲೆಬಾಗಿದ ಕವಿಗಳು. ಅವರು ಕರೆದಿದ್ದರೆ ಎಂತಹ ಮೈದಾನವಾದರೂ ತುಂಬುತ್ತಿತ್ತು. ಆದರೆ ಅವರು ಆಡಂಬರವಿಲ್ಲದ ‘ಮಂತ್ರ ಮಾಂಗಲ್ಯ’ವೆಂಬ ವಿವಾಹಕ್ರಮವನ್ನು ರೂಪಿಸಿ, 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಆ ಕ್ರಮದಿಂದಲೇ ನಡೆಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದುಬಂದಿವೆ. ಸೀರೆ, ಧೋತಿ, ತಾಳಿಗಳನ್ನು ಕ್ಷೇತ್ರದಿಂದಲೇ ಕೊಡುತ್ತಾರೆ. ಮಂಜುನಾಥನ ಸನ್ನಿಧಿಯಲ್ಲಿ ಸಾವಿರಾರು ಜನರ ಹರಕೆಯೊಡನೆ ತಾಳಿ ಕಟ್ಟಿದವನ ಮಾನ ಯಾವ ವಿಧದಲ್ಲಿ ಕಡಿಮೆಯಾಗುತ್ತದೆಂಬುದು ನಮಗೆ ತಿಳಿಯದು.

ಶಾಸ್ತ್ರದ ಮಾತು ಹಾಗಿರಲಿ, ಕಾನೂನಿನ ಮಾತನ್ನೂ ನೋಡೋಣ. 1955ರ ಹಿಂದೂ ವಿವಾಹ ಕಾಯಿದೆ ಕೇಳುವುದು ಎರಡು ಕಡೆಗಳಲ್ಲಿ ಯಾವುದಾದರೂ ಒಂದು ಕಡೆಯ ಸಂಪ್ರದಾಯದ ವಿಧಿಯನ್ನು ಮಾತ್ರ. ಸಪ್ತಪದಿಯ ಪದ್ಧತಿ ಇರುವಲ್ಲಿ ಏಳನೆಯ ಹೆಜ್ಜೆ ಇಟ್ಟೊಡನೆ ಮದುವೆ ಪೂರ್ಣವಾಗುತ್ತದೆ. ಏಳು ಹೆಜ್ಜೆಗೆ ಎಷ್ಟು ಜಾಗ ಬೇಕು? ಚೆನ್ನೈಯಲ್ಲಿರುವ ನಮ್ಮ ಬಂಧುಗಳಿಗೆ ತಿಳಿದಿರುವಂತೆ ತಮಿಳುನಾಡಿನಲ್ಲಿ 1967ರ ತಿದ್ದುಪಡಿಯ ಮೇರೆಗೆ ನಾಲ್ಕು ಮಂದಿ ಬಂಧುಮಿತ್ರರ ಎದುರು ಹಾರ ಬದಲಾಯಿಸಿಕೊಂಡು ಆಗುವ ಮದುವೆಯೂ ಸಿಂಧುವಾಗಿದೆ. 1954ರ ವಿಶೇಷ ವಿವಾಹ ಕಾಯಿದೆಯ ಪ್ರಕಾರವಾದರೆ ಮೂವತ್ತು ದಿನಗಳ ನೋಟೀಸು ಕೊಟ್ಟು, ಮೂವರು ಸಾಕ್ಷಿಗಳೊಡನೆ ಅಧಿಕಾರಿಯ ಮುಂದೆ ಸಹಿ ಹಾಕಿದರಾಯಿತು. ಮದುವೆಯೆಂದರೆ ಹಾಡು ಕುಣಿತ ಔತಣಗಳ ಸಂದರ್ಭವಲ್ಲ, ಗಂಭೀರವಾದ ಸಂಸ್ಕಾರವೆಂಬರ್ಥದ ಮಾತನ್ನು 2024ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಆರುನೂರು ಎಲೆ ಬೀಳದಿದ್ದರೆ ಮದುವೆ ಆಗದೆಂದು ಯಾವ ಧರ್ಮಶಾಸ್ತ್ರವೂ ಯಾವ ಕಾಯಿದೆಯೂ ವಿಧಿಸಿಲ್ಲ. ಎಲ್ಲರೂ ಮರೆಯುವ ಒಂದು ಅಗ್ಗದ ಕೆಲಸವೆಂದರೆ ಮದುವೆಯ ನೋಂದಣಿ. ಸಾವಿರಾರು ರೂಪಾಯಿಯ ಆಲ್ಬಮಿಗಿಂತ ಆ ಒಂದು ಹಾಳೆ ಕಾಗದ ಹೆಂಡತಿಗೆ ಕಷ್ಟಕಾಲದಲ್ಲಿ ಆಧಾರವಾದೀತು.

ಇಲ್ಲಿ ವರದಕ್ಷಿಣೆಯ ವಿಷಯವನ್ನೂ ಹೇಳದೆ ವಿಧಿಯಿಲ್ಲ. ಖರ್ಚಿಗೆ ಕೈಯಲ್ಲಿ ಹಣವಿಲ್ಲದ ವರ, ಆ ಭಾರವನ್ನು ಹೆಣ್ಣಿನ ತಂದೆಯ ತಲೆಗೆ ದಾಟಿಸಿಬಿಡುವುದುಂಟು. ‘ನಾವೇನೂ ಕೇಳಿಲ್ಲ, ಮದುವೆಯನ್ನು ಚೆನ್ನಾಗಿ ಮಾಡಿಕೊಟ್ಟರೆ ಸಾಕು’ ಎಂಬ ಸವಿಮಾತಿನ ಬೆಲೆ ಎಷ್ಟು ಲಕ್ಷವೆಂಬುದು ಹೆಣ್ಣು ಹೆತ್ತವರಿಗೆ ಗೊತ್ತು. 1961ರ ಕಾಯಿದೆಯಂತೆ ವರದಕ್ಷಿಣೆ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ; 1986ರ ತಿದ್ದುಪಡಿಯ ಬಳಿಕ ಶಿಕ್ಷೆ ಐದು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ. ಕಾಯಿದೆ ಒತ್ತಟ್ಟಿಗಿರಲಿ. ಆ ಹೆಣ್ಣಿನ ತಂದೆ ಯಾರು? ಅವನೂ ನಮ್ಮಂತೆಯೇ ಯಾವುದೋ ಹೋಟೆಲಿನ ಒಲೆಯ ಮುಂದೆ ಬೆಂದವನು. ಯಾವುದೋ ಕಚೇರಿಯಲ್ಲಿ ಬೆನ್ನು ಬಾಗಿಸಿ ದುಡಿದವನು. ಅವನನ್ನು ಸಾಲಕ್ಕೆ ನೂಕಿ ಹಾಕಿದ ಚಪ್ಪರದಡಿ ನಾವು ನೆಮ್ಮದಿಯಿಂದ ಉಣ್ಣುವುದು ಹೇಗೆ? ಖರ್ಚು ಎಷ್ಟೇ ಇರಲಿ, ಎರಡು ಕಡೆಯವರೂ ಸಮವಾಗಿ ಹೊರುವುದೇ ಧರ್ಮ.

ಹಾಗಾದರೆ ಏನು ಮಾಡಬೇಕು? ನಮ್ಮ ಸಲಹೆ ಸರಳವಾಗಿದೆ. ನಿಶ್ಚಯ ತಾಂಬೂಲಕ್ಕೆ ಮುಂಚೆ ಹುಡುಗನೂ ಹುಡುಗಿಯೂ ಕುಳಿತು ಒಂದು ಹಾಳೆಯಲ್ಲಿ ಲೆಕ್ಕ ಬರೆಯಲಿ. ನಮ್ಮಲ್ಲಿ ಸಭಾಭವನದಿಂದ ಲೆಕ್ಕ ಆರಂಭಿಸುವುದು ವಾಡಿಕೆ; ಅದನ್ನು ತಿರುಗಿಸಿ, ಮೊದಲನೆಯ ಸಾಲಿನಲ್ಲಿ ಕೋಣೆಯ ಡಿಪಾಜಿಟ್ಟು ಮತ್ತು ಆರು ತಿಂಗಳ ಬಾಡಿಗೆ ಬರೆಯಿರಿ. ಎರಡನೆಯ ಸಾಲಿನಲ್ಲಿ ತಾಳಿ ಮತ್ತು ಸೀರೆ. ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕಿನ ಗುರುತನ್ನು ನೋಡಿ, ಮಜೂರಿ ಎಷ್ಟು ಹಿಡಿದಿದ್ದಾರೆಂದು ಕೇಳಿ. ನಕಾಸಿ ಹೆಚ್ಚಿದಷ್ಟೂ ಮಜೂರಿ ಹೆಚ್ಚು, ಮಾರುವ ದಿನ ಆ ಹಣ ಹಿಂದೆ ಬಾರದು. ಮೂರನೆಯ ಸಾಲಿನಲ್ಲಿ ಪ್ರಯಾಣ. ಇಷ್ಟೂ ಕಳೆದು, ಸಾಲವಿಲ್ಲದೆ ಕೈಯಲ್ಲಿ ಉಳಿಯುವುದೆಷ್ಟೋ ಅಷ್ಟಕ್ಕೆ ಎಷ್ಟು ಎಲೆ ಬೀಳುತ್ತದೆಂದು ಭಾಗಿಸಿ ನೋಡಿ. ಬಂದ ಸಂಖ್ಯೆಯೇ ನಿಮ್ಮ ಅತಿಥಿಗಳ ಸಂಖ್ಯೆ. ಅದು ಎಂಬತ್ತಾದರೆ ಎಂಬತ್ತು.

ಪ್ರಯಾಣದ ವಿಷಯದಲ್ಲಿ ಒಂದು ಮಾತು. ಮುಂಬಯಿಯಿಂದ ಊರಿನವರೆಗೆ ಇಪ್ಪತ್ತು ಮಂದಿ ಗೆಳೆಯರನ್ನು ದಿಬ್ಬಣಕ್ಕೆಂದು ಕರೆದೊಯ್ಯುವುದು ಪ್ರೀತಿಯೇ ಸರಿ. ಆದರೆ ಅವರೂ ದುಡಿದು ಉಣ್ಣುವವರು. ಒಬ್ಬೊಬ್ಬನಿಗೂ ಐದಾರು ದಿನದ ಸಂಬಳ ಕಡಿತ, ಹೋಗಿಬರುವ ಟಿಕೆಟ್ಟು, ಮೇಲೆ ಉಡುಗೊರೆ. ಒಬ್ಬನ ಮದುವೆ ಇಪ್ಪತ್ತು ಮಂದಿಯ ಜೇಬಿಗೂ ಕೈಹಾಕಬೇಕೇ? ಊರಿನಲ್ಲಿ ಮನೆಮಟ್ಟಿಗೆ ಧಾರೆ ಎರೆಸಿಕೊಂಡು ಬಂದು, ಇಲ್ಲಿ ಹೋಟೆಲಿಗೆ ಗಿರಾಕಿ ಕಡಿಮೆಯಿರುವ ಮಧ್ಯಾಹ್ನ ಮೂರರಿಂದ ಐದರ ಹೊತ್ತಿನಲ್ಲಿ ಸಂಗಾತಿಗಳಿಗೆ ಸಜ್ಜಿಗೆ, ಅವಲಕ್ಕಿ, ಕಾಫಿ ಕೊಟ್ಟು, ಹೆಂಡತಿಯನ್ನು ಪರಿಚಯಿಸಿದರೆ ಅದರಲ್ಲಿ ಎಷ್ಟೊಂದು ಶೋಭೆಯಿದೆ!

ಮುಯ್ಯಿಯ ಮಾತೆತ್ತುವವರೂ ಇದ್ದಾರೆ. “ಎಲ್ಲರ ಮನೆಯಲ್ಲೂ ಉಂಡಿದ್ದೇವೆ, ನಾವು ಉಣಿಸದಿದ್ದರೆ ಹೇಗೆ?” ಎನ್ನುತ್ತಾರೆ. ಉಂಡ ಋಣ ನಿಜ. ಆದರೆ ಅವರೂ ಸಾಲ ಮಾಡಿಯೇ ಉಣಿಸಿದ್ದರೆ, ನಾವು ಅದೇ ರೀತಿ ಉಣಿಸುವುದರಿಂದ ಯಾರ ಋಣವೂ ತೀರಲಿಲ್ಲ. ಇಬ್ಬರ ಸಾಲವೂ ಬೆಳೆಯಿತು. ಈ ಸರಪಣಿಯನ್ನು ಯಾರಾದರೂ ಒಬ್ಬರು ಮೊದಲು ಕಳಚಬೇಕು. ಕಳಚಿದವನನ್ನು ಎದುರಿಗೆ ನಾಲ್ಕು ಮಂದಿ ಆಡಿಕೊಂಡಾರು; ಮನಸ್ಸಿನಲ್ಲಿ ನಲವತ್ತು ಮಂದಿ ಹರಸಿಯಾರು.

ಈ ಪತ್ರಿಕೆಯನ್ನು ಮಾಲೀಕರೂ ಓದುತ್ತಾರೆಂದು ನಾವು ಬಲ್ಲೆವು. ಅವರಲ್ಲಿ ನಮ್ಮ ಹಳೆಯ ಸಂಗಾತಿಗಳು ಬಹಳ ಮಂದಿ ಇದ್ದಾರೆ. ಹುಡುಗನ ಮದುವೆಗೆ ಹೋಗಿ ಲಕೋಟೆಯಲ್ಲಿ ಐನೂರು ರೂಪಾಯಿ ಇಟ್ಟು, ವೇದಿಕೆಯ ಮೇಲೆ ಫೋಟೋ ತೆಗೆಸಿಕೊಂಡರೆ ನಮ್ಮ ಹೊಣೆ ಮುಗಿಯಿತೆಂದು ಭಾವಿಸಬಾರದು. ಬಡ್ಡಿಯಿಲ್ಲದ ಮುಂಗಡ ಕೊಟ್ಟು ಇಪ್ಪತ್ತು ಕಂತುಗಳಲ್ಲಿ ಹಿಡಿದುಕೊಳ್ಳಿ. ಸಂಬಳ ಸಹಿತ ಹತ್ತು ದಿನ ರಜೆ ಕೊಡಿ. ಆ ಮಧ್ಯಾಹ್ನದ ಕಾಫಿಗೆ ನಿಮ್ಮ ಹೋಟೆಲಿನ ಮೇಜುಗಳನ್ನು ಬಿಟ್ಟುಕೊಡಿ. ಕೋಣೆ ಹಿಡಿಯುವಾಗ ಅವನ ಪರವಾಗಿ ಮನೆಯ ಮಾಲೀಕನೊಡನೆ ಒಂದು ಮಾತು ಆಡಿ. ಸಂಸಾರ ಜೊತೆಗಿರುವ ಕೆಲಸಗಾರ ಮೂರು ತಿಂಗಳಿಗೊಮ್ಮೆ ಕೆಲಸ ಬಿಟ್ಟು ಓಡುವವನಲ್ಲವೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಸಂಘ ಸಂಸ್ಥೆಗಳಿಗೂ ಒಂದು ಅರಿಕೆ. ಮುಂಬಯಿಯಲ್ಲಿ ಸ್ವಂತ ಸಭಾಗೃಹವುಳ್ಳ ನಮ್ಮವರ ಸಂಘಗಳು ಕೆಲವಿವೆ. ಅವುಗಳ ಇಟ್ಟಿಗೆಗಳಲ್ಲಿ ಹೋಟೆಲು ಹುಡುಗರ ವಂತಿಗೆಯೂ ಸೇರಿದೆ. ವಾರದ ಕೆಲಸದ ದಿನಗಳಲ್ಲಿ ಖಾಲಿ ಬಿದ್ದಿರುವ ಆ ಸಭಾಗೃಹಗಳನ್ನು ಸಂಬಳಗಾರರ ಸಣ್ಣ ಮದುವೆಗಳಿಗೆ ನಾಮಮಾತ್ರದ ಬಾಡಿಗೆಗೆ ಕೊಡಬಾರದೇಕೆ? ದೀಪ, ನೀರು, ಪಾತ್ರೆಗಳ ವೆಚ್ಚ ಬಂದರೆ ಸಾಕೆಂದು ಒಂದು ಠರಾವು ಮಾಡಿದರೆ ವಾರ್ಷಿಕೋತ್ಸವದ ಹತ್ತು ಭಾಷಣಗಳಿಗಿಂತ ದೊಡ್ಡ ಸಮಾಜಸೇವೆಯಾದೀತು.

ನಾವು ಮದುವೆಯ ಸಂಭ್ರಮದ ವೈರಿಗಳಲ್ಲ. ಓಲಗ ಊದಲಿ, ಮಲ್ಲಿಗೆ ಮುಡಿಯಲಿ, ಪಾಯಸ ಹಂಚಲಿ. ವರ್ಷವಿಡೀ ಪರರಿಗೆ ಬಡಿಸಿದ ಕೈಗೆ ಒಂದು ದಿನ ತನ್ನವರಿಗೆ ಬಡಿಸುವ ಆಸೆ ಸಹಜವಾದದ್ದೇ. ನಾವು ಕೇಳುವುದಿಷ್ಟೆ: ಆ ಒಂದು ದಿನದ ಪಂಕ್ತಿಗಾಗಿ ಮುಂದಿನ ಸಾವಿರ ರಾತ್ರಿಗಳನ್ನು ಗಂಡ ಒಂದೂರಿನಲ್ಲಿ, ಹೆಂಡತಿ ಇನ್ನೊಂದೂರಿನಲ್ಲಿ ಕಳೆಯುವಂತಾಗಬಾರದು. ಊರಿನವರಿಗೆ ನಮ್ಮ ನಿಜವಾದ ಸಂಬಳವನ್ನು ಹೇಳುವುದರಲ್ಲಿ ಅವಮಾನವೇನೂ ಇಲ್ಲ. ಬೆವರಿನ ಹಣದ ಲೆಕ್ಕವನ್ನು ತಲೆಯೆತ್ತಿಯೇ ಹೇಳಬಹುದು.

ಈ ಋತುವಿನಲ್ಲಿ ಹಸೆಮಣೆಯೇರಲಿರುವ ನಮ್ಮ ತಮ್ಮಂದಿರಿಗೂ ತಂಗಿಯರಿಗೂ ನಮ್ಮ ಹೃತ್ಪೂರ್ವಕ ಶುಭಾಶಯಗಳು. ಅವರ ಲಗ್ನಪತ್ರಿಕೆ ನಮ್ಮ ಕೈಸೇರದಿದ್ದರೂ ಚಿಂತೆಯಿಲ್ಲ. ಎರಡು ತಿಂಗಳು ಕಳೆದ ಮೇಲೆ, ತಾವು ಜೊತೆಯಾಗಿ ಹಿಡಿದ ಕೋಣೆಯ ವಿಳಾಸ ಬರೆದು ಒಂದು ಕಾರ್ಡು ಹಾಕಿದರೆ ನಮಗೆ ಆರುನೂರು ಎಲೆಯ ಊಟ ಉಂಡಷ್ಟು ತೃಪ್ತಿಯಾಗುವುದು.